ಚೀಟು ಬಿದ್ದದ್ದು ಯಾರ ಹೆಸರಿಗೆ?

(ಪ್ರೇಷಿತ ಸಂತ ಮತ್ತೀಯರ ಹಬ್ಬದ ಪ್ರಬೋಧನೆ, ಮೇ 14)



ಇಂದು ಧರ್ಮಸಭೆಯು ಪ್ರೇಷಿತ ಸಂತ ಮತ್ತೀಯರ ಹಬ್ಬವನ್ನು ಆಚರಿಸುತ್ತಿದೆ. ಹಿರಿಯರಿಗೆ ನೆನಪಿರಬಹುದು, ಹಿಂದೆ ಈ ಹಬ್ಬ ಫೆಬ್ರವರಿ 24ರಂದು ಬರುತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಪೂಜಾವಿಧಿಯ ಪಂಚಾಂಗವನ್ನು ಪರಿಷ್ಕರಿಸಿದಾಗ ಇದನ್ನು ಮೇ 14ಕ್ಕೆ ತರಲಾಯಿತು. ಅದಕ್ಕೆ ಅರ್ಥವಿದೆ. ಮತ್ತೀಯರು ಪ್ರೇಷಿತರಾಗಿ ಆಯ್ಕೆಯಾದದ್ದು ಯೇಸುಸ್ವಾಮಿಯ ಸ್ವರ್ಗಾರೋಹಣಕ್ಕೂ ಪವಿತ್ರಾತ್ಮರ ಆಗಮನಕ್ಕೂ ನಡುವಿನ ದಿನಗಳಲ್ಲಿ.

ಆ ಆಯ್ಕೆ ನಡೆದ ಬಗೆಯನ್ನು ಇಂದಿನ ಮೊದಲನೆಯ ವಾಚನದಲ್ಲಿ ಕೇಳಿದಿರಿ. ಯೂದನ ಸ್ಥಾನ ತೆರವಾಗಿತ್ತು. ಪೇತ್ರರು ಸುಮಾರು ನೂರಿಪ್ಪತ್ತು ಮಂದಿ ಸಹೋದರರ ನಡುವೆ ಎದ್ದು ನಿಂತು ಮಾತನಾಡಿದರು. ಯೊವಾನ್ನರ ಸ್ನಾನದೀಕ್ಷೆಯ ದಿನಗಳಿಂದ ಹಿಡಿದು ಸ್ವಾಮಿ ಸ್ವರ್ಗಕ್ಕೆ ಏರುವ ತನಕ ಜೊತೆಗಿದ್ದವರೇ ಆ ಸ್ಥಾನಕ್ಕೆ ಬರಬೇಕು ಎಂದರು. ಬಾರ್ಸಬ್ಬನೆಂದು ಕರೆಯಲಾಗುತ್ತಿದ್ದ ಜೋಸೆಫ್ ಮತ್ತು ಮತ್ತೀಯ, ಹೀಗೆ ಇಬ್ಬರ ಹೆಸರು ಮುಂದೆ ಬಂತು. ಎಲ್ಲರೂ ಪ್ರಾರ್ಥಿಸಿದರು. ಆಮೇಲೆ ಚೀಟು ಹಾಕಿದರು. ಚೀಟು ಮತ್ತೀಯರ ಹೆಸರಿಗೆ ಬಿತ್ತು.

ಚೀಟಿನ ಮಾತು ಬಂದ ಕೂಡಲೇ ಇಲ್ಲಿ ಕುಳಿತಿರುವ ಯುವಜನರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ! ಕಾರಣ ನಿಮಗೂ ಗೊತ್ತು, ನನಗೂ ಗೊತ್ತು. ಬರುವ ಮೇ 31ರಂದು ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬ, ಅಂದರೆ ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬ. ನಮ್ಮಲ್ಲಿ ಮೂವರು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾರೆ. ಅವರ ನೆರವಿಗಾಗಿ ಹಬ್ಬದ ದಿನ ಒಂದು ದೊಡ್ಡ ಲಕ್ಕಿ ಡ್ರಾ ಇಡೋಣ, ಮೊದಲ ಬಹುಮಾನ ಸ್ಕೂಟರ್ ಕೊಡೋಣ, ಟಿಕೆಟ್ ಪುಸ್ತಕ ಅಚ್ಚು ಹಾಕಿಸಿ ಊರೆಲ್ಲ ಮಾರೋಣ ಎಂದು ಯುವಜನ ಸಂಘದವರು ಕೇಳಿದ್ದಾರೆ. ನಿಮ್ಮ ಉದ್ದೇಶ ತುಂಬ ಒಳ್ಳೆಯದು. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಪಾಲನಾ ಸಮಿತಿಯೂ ನಾನೂ ಅದಕ್ಕೆ ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂಬುದನ್ನು ಇಡೀ ಧರ್ಮಕೇಂದ್ರಕ್ಕೆ ತಿಳಿಸುವುದು ನನ್ನ ಕರ್ತವ್ಯ. ಚೀಟಿನ ಮೂಲಕ ಆರಿಸಲ್ಪಟ್ಟ ಸಂತರ ಹಬ್ಬಕ್ಕಿಂತ ಇದಕ್ಕೆ ತಕ್ಕ ದಿನ ಇನ್ನಾವುದು?

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಚೀಟು ಎತ್ತುವುದೇ ಪಾಪ ಎಂದು ಧರ್ಮಸಭೆ ಹೇಳುವುದಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2413ನೆಯ ಪರಿಚ್ಛೇದ ಈ ವಿಷಯವನ್ನೇ ಕುರಿತದ್ದು. ಅದೃಷ್ಟದ ಆಟಗಳು ತಮ್ಮಷ್ಟಕ್ಕೆ ನ್ಯಾಯಕ್ಕೆ ವಿರುದ್ಧವಲ್ಲ. ಆದರೆ ಒಬ್ಬನ ಮತ್ತು ಅವನನ್ನು ನಂಬಿದವರ ಅಗತ್ಯಕ್ಕೆ ಬೇಕಾದ ಹಣವನ್ನು ಅವು ಕಿತ್ತುಕೊಂಡರೆ ಆಗ ಅವು ನೈತಿಕವಾಗಿ ಸಲ್ಲದವಾಗುತ್ತವೆ. ಜೂಜಿನ ಚಟ ಮನುಷ್ಯನನ್ನು ಗುಲಾಮನನ್ನಾಗಿ ಮಾಡುವ ಅಪಾಯವಿದೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಆದ್ದರಿಂದ ಕ್ರಿಸ್ಮಸ್ ರಾತ್ರಿ ಮನೆಮಂದಿಯೆಲ್ಲ ಕೂತು ಹುಣಸೆ ಬೀಜ ಇಟ್ಟುಕೊಂಡು ಹೌಸಿ ಆಡಿದ್ದಕ್ಕೆ ಯಾರೂ ಪಾಪನಿವೇದನೆಗೆ ಓಡಿ ಬರಬೇಕಾಗಿಲ್ಲ.

ಸಾರ್ವಜನಿಕರಿಗೆ ಟಿಕೆಟ್ ಮಾರಿ, ಚೀಟು ಎತ್ತಿ, ಬಹುಮಾನ ಕೊಡುವುದು ಬೇರೆಯೇ ವಿಷಯ. ಇಲ್ಲಿ ನಾಡಿನ ಕಾನೂನು ಬರುತ್ತದೆ.

ಯಾವುದು ಲಾಟರಿ? 1998ರ ಲಾಟರಿಗಳ (ನಿಯಂತ್ರಣ) ಕಾಯಿದೆ ಇದನ್ನು ಸರಳವಾಗಿ ಹೇಳುತ್ತದೆ. ಮೂರು ಅಂಶ ಸೇರಿದರೆ ಅದು ಲಾಟರಿ: ಜನರು ಹಣ ಕೊಟ್ಟು ಟಿಕೆಟ್ ಕೊಳ್ಳಬೇಕು, ಫಲಿತಾಂಶ ಚೀಟು ಅಥವಾ ಅದೃಷ್ಟದಿಂದ ತೀರ್ಮಾನವಾಗಬೇಕು, ಗೆದ್ದವರಿಗೆ ಬಹುಮಾನ ಸಿಗಬೇಕು. ನಾವು ಅದಕ್ಕೆ ಲಕ್ಕಿ ಡ್ರಾ ಎನ್ನಬಹುದು, ಲಕ್ಕಿ ಡಿಪ್ ಎನ್ನಬಹುದು, ರಾಫಲ್ ಎನ್ನಬಹುದು, ‘ಸಹಾಯಾರ್ಥ ಕೂಪನ್’ ಎಂದು ಅಚ್ಚು ಹಾಕಿಸಬಹುದು. ಹೆಸರು ಬದಲಾದರೆ ವಸ್ತು ಬದಲಾಗುವುದಿಲ್ಲ.

ಇಂಥ ಲಾಟರಿಯನ್ನು ಯಾರು ನಡೆಸಬಹುದು? ಬ್ರಿಟಿಷರ ಕಾಲದಲ್ಲಿ, 1870ರಲ್ಲಿ, ಭಾರತ ದಂಡ ಸಂಹಿತೆಗೆ 294-ಎ ಎಂಬ ಕಲಮನ್ನು ಸೇರಿಸಲಾಯಿತು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ನಿಯಮ ಈಗ ಅದರ 297ನೆಯ ಕಲಮಿನಲ್ಲಿದೆ. ಅದರ ಪ್ರಕಾರ ಲಾಟರಿ ಒಂದೋ ಸರ್ಕಾರದ್ದಾಗಿರಬೇಕು, ಇಲ್ಲವೇ ರಾಜ್ಯ ಸರ್ಕಾರ ಅಧಿಕೃತವಾಗಿ ಅನುಮತಿಸಿದ್ದಾಗಿರಬೇಕು. ಇವೆರಡೂ ಅಲ್ಲದ ಲಾಟರಿಯ ಚೀಟು ಎತ್ತುವುದಕ್ಕಾಗಿ ಕಚೇರಿಯನ್ನಾಗಲಿ ಸ್ಥಳವನ್ನಾಗಲಿ ಇಟ್ಟುಕೊಂಡವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಚೀಟು ಎತ್ತುವುದು ಮಾತ್ರವಲ್ಲ, ಅಂಥ ಲಾಟರಿಯ ಟಿಕೆಟ್ಟಿಗೋ ಸಂಖ್ಯೆಗೋ ಇಂತಿಂಥ ಬಹುಮಾನ ಕೊಡುತ್ತೇವೆ ಎಂದು ಪ್ರಕಟಿಸುವುದೂ ಅಪರಾಧವೇ. ಅದಕ್ಕೆ 5,000 ರೂಪಾಯಿಯವರೆಗೆ ದಂಡ. ಸ್ಕೂಟರ್ ಚಿತ್ರ ಹಾಕಿ ಬಸ್ ನಿಲ್ದಾಣದಲ್ಲಿ ಪೋಸ್ಟರ್ ಅಂಟಿಸುವ ಮೊದಲೂ, ವಾಟ್ಸಾಪ್ ಗುಂಪಿನಲ್ಲಿ ಕಳಿಸುವ ಮೊದಲೂ ಇದನ್ನು ನೆನಪಿಡಬೇಕು. ಹಣ ಒಳ್ಳೆಯ ಕಾರ್ಯಕ್ಕೆ ಹೋಗುವುದಾದರೆ ಪರವಾಗಿಲ್ಲ ಎಂಬ ಮಾತು ಆ ಕಲಮಿನಲ್ಲಿ ಎಲ್ಲೂ ಇಲ್ಲ.

ನಮ್ಮ ರಾಜ್ಯದಲ್ಲಿ ಇನ್ನೂ ಒಂದು ಕಾಯಿದೆ ಇದೆ. ಮೈಸೂರು ಸಂಸ್ಥಾನದ ಹೆಸರಿನಲ್ಲಿ 1951ರಲ್ಲಿ ಬಂದ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ನಿಯಂತ್ರಣ ಹಾಗೂ ತೆರಿಗೆ ಕಾಯಿದೆ ಅದು. ತಿಂಗಳು ತಿಂಗಳು ಕಂತು ಕಟ್ಟಿಸಿಕೊಂಡು ಚೀಟು ಎತ್ತುವ ‘ಲಕ್ಕಿ ಸ್ಕೀಂ’ಗಳ ಬಗ್ಗೆ ಕೇಂದ್ರ ಸರ್ಕಾರದ 1978ರ ಕಾಯಿದೆ ಬೇರೆಯೇ ಇದೆ. ಬಹುಮಾನದ ಚೀಟಿಗಳನ್ನು ಅದು ನಿಷೇಧಿಸುತ್ತದೆ, ಶಿಕ್ಷೆ ಮೂರು ವರ್ಷದವರೆಗೂ ಹೋಗಬಹುದು. ಆದ್ದರಿಂದ ಯಾವುದೇ ಧರ್ಮಕೇಂದ್ರವಾಗಲಿ, ಸಂಘವಾಗಲಿ ಇಂಥದ್ದನ್ನು ಯೋಚಿಸಿದರೆ ಟಿಕೆಟ್ ಅಚ್ಚಿಗೆ ಕೊಡುವ ಮೊದಲು ಮಾಡಬೇಕಾದ್ದು ಇಷ್ಟು: ವಕೀಲರಲ್ಲಿ ಕೇಳಬೇಕು, ಧರ್ಮಪ್ರಾಂತ್ಯದ ಕಚೇರಿಗೆ ತಿಳಿಸಬೇಕು, ಜಿಲ್ಲಾಡಳಿತಕ್ಕೆ ಅರ್ಜಿ ಕೊಡಬೇಕು, ಉತ್ತರ ಬರಹದಲ್ಲೇ ಬರಬೇಕು. ಹಬ್ಬದ ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ತರುವ ಅನುಮತಿ ಲಕ್ಕಿ ಡ್ರಾಗೆ ಅನುಮತಿಯಲ್ಲ. ‘ಸಾಹೇಬರು ಬಾಯಲ್ಲಿ ಹೂಂ ಎಂದರು’ ಎಂಬುದೂ ಅನುಮತಿಯಲ್ಲ.

ತೆರಿಗೆಯ ವಿಷಯವೂ ಇದೆ. ಲಾಟರಿಯ ಬಹುಮಾನ 10,000 ರೂಪಾಯಿ ಮೀರಿದರೆ ಶೇಕಡ 30ರಷ್ಟು ಆದಾಯ ತೆರಿಗೆಯನ್ನು ಕೊಡುವವರೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಬಹುಮಾನ ವಸ್ತುವಾಗಿದ್ದರೆ ತೆರಿಗೆ ಸಂದಾಯವಾಗಿದೆ ಎಂದು ಖಾತ್ರಿ ಮಾಡಿಕೊಂಡೇ ಅದನ್ನು ಹಸ್ತಾಂತರಿಸಬೇಕು. ಒಂದು ಲಕ್ಷದ ಸ್ಕೂಟರ್ ಎಂದುಕೊಳ್ಳಿ. ಗೆದ್ದವಳು ಕೂಲಿ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಎಂದುಕೊಳ್ಳಿ. ಆಕೆಗೆ ಬೇರೆ ಯಾವ ತೆರಿಗೆಯೂ ಬರುವುದಿಲ್ಲ. ಆದರೂ ಕೀಲಿ ಕೈಗೆ ಬರುವ ಮೊದಲು 30,000 ರೂಪಾಯಿ ಕಟ್ಟಬೇಕು. ಎಲ್ಲಿಂದ ತರಬೇಕು? ವೇದಿಕೆಯ ಮೇಲೆ ಫೋಟೊ ತೆಗೆಯುವ ಉತ್ಸಾಹದಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

‘ಸ್ವಾಮಿ, ವಿದೇಶದಲ್ಲಿ ಚರ್ಚುಗಳೇ ರಾಫಲ್ ನಡೆಸುತ್ತವಲ್ಲ’ ಎಂದು ಕೆಲವರು ಕೇಳುತ್ತೀರಿ. ನಿಮ್ಮ ಮಕ್ಕಳು ಅಲ್ಲಿದ್ದಾರೆ, ಟಿಕೆಟಿನ ಫೋಟೊ ಕಳಿಸುತ್ತಾರೆ. ನಿಜ. ಆದರೆ ಅಲ್ಲಿಯೂ ಮನಸ್ಸಿಗೆ ಬಂದಂತೆ ನಡೆಸುವುದಿಲ್ಲ. ಇಂಗ್ಲೆಂಡಿನ ಮಾತನ್ನೇ ತೆಗೆದುಕೊಳ್ಳಿ. ಅಲ್ಲಿನ 2005ರ ಜೂಜು ಕಾಯಿದೆಯ ಪ್ರಕಾರ ಸಾರ್ವಜನಿಕರಿಗೆ ಮುಂಚಿತವಾಗಿ ಟಿಕೆಟ್ ಮಾರುವ ಸಣ್ಣ ಸಂಘ ಸ್ಥಳೀಯ ಆಡಳಿತದಲ್ಲಿ ನೋಂದಣಿ ಮಾಡಿಸಬೇಕು. ಬಂದ ಹಣದಲ್ಲಿ ಕಡಿಮೆಯೆಂದರೆ ಶೇಕಡ 20ನ್ನು ಸಂಘದ ಉದ್ದೇಶಕ್ಕೆ ಕೊಡಲೇಬೇಕು. ಒಂದು ಡ್ರಾದ ಟಿಕೆಟ್ ಮಾರಾಟ 20,000 ಪೌಂಡ್ ದಾಟಬಾರದು. ಡ್ರಾ ಆದ ಮೇಲೆ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಪಕ್ಕದ ಕೇರಳದಲ್ಲಿ 1967ರಿಂದ ಲಾಟರಿ ಇದೆಯಲ್ಲ ಎಂದರೆ, ಅದನ್ನು ನಡೆಸುವುದು ಸರ್ಕಾರವೇ. ಒಂದೊಂದು ನಾಡಿಗೆ ಒಂದೊಂದು ಕಾನೂನು. ನಾವು ಯಾವ ನೆಲದಲ್ಲಿ ಬಾಳುತ್ತೇವೋ ಆ ನೆಲದ ಕಾನೂನು ನಮ್ಮದು.

ಪ್ರಿಯರೇ, ಬಲಿಪೂಜೆಯಲ್ಲಿ ಗುರುಗಳು ಏಕೆ ಕಾನೂನು ಪುಸ್ತಕ ತೆರೆದರು ಎಂದು ಬೇಸರಿಸಬೇಡಿ. ಧರ್ಮಸಭೆಯ ಕಾನೂನು ಸಂಹಿತೆಯೇ ಇದನ್ನು ಕೇಳುತ್ತದೆ. ಚರ್ಚಿನ ಆಸ್ತಿಪಾಸ್ತಿ ನೋಡಿಕೊಳ್ಳುವವರು ಧರ್ಮಸಭೆಯ ಕಾನೂನನ್ನೂ ನಾಡಿನ ಕಾನೂನನ್ನೂ ಪಾಲಿಸಬೇಕು, ನಾಡಿನ ಕಾನೂನು ಮುರಿದು ಧರ್ಮಸಭೆಗೆ ಹಾನಿ ಬಾರದಂತೆ ಎಚ್ಚರ ವಹಿಸಬೇಕು ಎಂದು 1284ನೆಯ ವಿಧಿ ಹೇಳುತ್ತದೆ. ನಮ್ಮ ಹಕ್ಕುಗಳ ಪ್ರಶ್ನೆ ಬಂದಾಗ ನಾವು ಸಂವಿಧಾನವನ್ನು ಎತ್ತಿ ಹಿಡಿಯುತ್ತೇವೆ, ಕಾನೂನಿನ ರಕ್ಷಣೆ ಬೇಡುತ್ತೇವೆ. ಹಾಗಿದ್ದ ಮೇಲೆ ನಮ್ಮ ಅನುಕೂಲಕ್ಕೆ ಅಡ್ಡ ಬಂದಾಗ ಅದೇ ಕಾನೂನನ್ನು ಬದಿಗಿಡಲು ನಮಗೆ ಮನಸ್ಸು ಬರಬಾರದು. ‘ಎಲ್ಲರೂ ಮಾಡುತ್ತಾರೆ, ಯಾರು ಕೇಳುತ್ತಾರೆ?’ ಎಂಬುದು ಯೇಸುಸ್ವಾಮಿಯ ಶಿಷ್ಯರ ಮಾತಲ್ಲ. ದೇವಾಲಯದ ತೆರಿಗೆಯ ಪ್ರಶ್ನೆ ಬಂದಾಗ, ತಾವು ಕೊಡಬೇಕಾಗಿಲ್ಲದಿದ್ದರೂ ಇತರರಿಗೆ ಅಡ್ಡಿಯಾಗಬಾರದೆಂದು ಸ್ವಾಮಿ ಪೇತ್ರರಿಂದ ಅದನ್ನು ಕಟ್ಟಿಸಿದರು.

ಕಾನೂನಿನ ಭಯ ಒಂದೇ ಕಾರಣವಾದರೆ ಅದು ಸಣ್ಣ ಕಾರಣ. ಆ ಕಾನೂನು ಯಾರನ್ನು ಕಾಯುತ್ತದೆ ಎಂದು ನೋಡಬೇಕು. 1990ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಒಂದಂಕಿ ಲಾಟರಿಯ ಅಂಗಡಿಗಳು ಹೇಗಿದ್ದವು ಎಂಬುದು ಐವತ್ತು ದಾಟಿದವರಿಗೆಲ್ಲ ಗೊತ್ತು. ಕೂಲಿ ಬಟವಾಡೆಯಾದ ಸಂಜೆ ಗಂಡಸರು ಮನೆಗೆ ಬರುವ ಬದಲು ಆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದರು. ಅಕ್ಕಿ ತರಬೇಕಾದ ಹಣ ಚೂರು ಕಾಗದವಾಗಿ ಕಾಲಡಿ ಬೀಳುತ್ತಿತ್ತು. 1998ರ ಕಾಯಿದೆ ಒಂದೇ ಅಂಕಿಯ ಮೇಲೆ ಬಹುಮಾನ ಕೊಡುವುದನ್ನು ತಡೆಯಿತು. 2007ರಲ್ಲಿ ನಮ್ಮ ರಾಜ್ಯ ಸರ್ಕಾರ ಲಾಟರಿಯನ್ನೇ ನಿಷೇಧಿಸಿತು. ಅದರಿಂದ ಸರ್ಕಾರಕ್ಕೆ ವರಮಾನ ಹೋಯಿತು, ಎಷ್ಟೋ ಮನೆಗಳ ಒಲೆ ಉರಿಯಿತು. ಪೇಟೆಯಿಂದ ಹೊರಗೆ ಹೋದದ್ದನ್ನು ಚರ್ಚಿನ ಅಂಗಳದಿಂದ ಒಳಗೆ ಕರೆಯಬೇಕೇ?

‘ವರ್ಷಕ್ಕೊಂದು ಟಿಕೆಟ್, ಅದೂ ಬಡವರಿಗಾಗಿ’ ಎಂದು ನೀವು ಹೇಳಬಹುದು. ಹಾಗಾದರೆ ಲೆಕ್ಕವನ್ನೂ ಹಾಕಿ ನೋಡೋಣ. ನೂರು ರೂಪಾಯಿಯ 3,000 ಟಿಕೆಟ್ ಮಾರಿದರೆ 3,00,000 ರೂಪಾಯಿ. ಸ್ಕೂಟರಿಗೆ 1,00,000, ಉಳಿದ ಬಹುಮಾನಗಳಿಗೆ 50,000, ಅಚ್ಚು ಪೋಸ್ಟರ್ ಇತ್ಯಾದಿಗೆ 10,000 ಎಂದು ಹಿಡಿದರೆ ಉಳಿಯುವುದು 1,40,000. ಅಂದರೆ ನೀವು ಕೊಟ್ಟ ನೂರರಲ್ಲಿ ರೋಗಿಯ ಹಾಸಿಗೆಯ ತನಕ ತಲುಪುವುದು 47 ರೂಪಾಯಿಗೂ ಕಡಿಮೆ. ಅದೇ ನೂರನ್ನು ಲಕೋಟೆಯಲ್ಲಿಟ್ಟು ಕಾಣಿಕೆ ಪೆಟ್ಟಿಗೆಗೆ ಹಾಕಿದರೆ ನೂರಕ್ಕೆ ನೂರೂ ತಲುಪುತ್ತದೆ. ಇನ್ನು ಸ್ಕೂಟರ್ ಬರುವ ಸಾಧ್ಯತೆ ಮೂರು ಸಾವಿರದಲ್ಲಿ ಒಂದು. ಉಳಿದ 2,999 ಟಿಕೆಟಿನವರ ಹಣದಿಂದಲೇ ಆ ಒಬ್ಬರ ಸ್ಕೂಟರ್ ಬಂದಿರುತ್ತದೆ. ಹತ್ತು ಟಿಕೆಟ್ ಕೊಳ್ಳುವವರು ಯಾರು? ಅನುಕೂಲಸ್ಥರು ಒಂದು ಟಿಕೆಟ್ ಕೊಂಡು ಮರೆಯುತ್ತಾರೆ. ‘ಈ ಸಲವಾದರೂ ದೇವರು ಕಣ್ಣು ಬಿಡಲಿ’ ಎಂದು ಸಾಲ ಮಾಡಿ ಹತ್ತು ಕೊಳ್ಳುವವರು ಬಡವರು. ಬಡವರಿಗೆ ನೆರವಾಗಲು ಹೊರಟು ಇನ್ನೊಬ್ಬ ಬಡವನ ಜೇಬಿಗೆ ಕೈ ಹಾಕಿದಂತಾಗುತ್ತದೆ.

ಮಕ್ಕಳ ಮಾತನ್ನೂ ಹೇಳಬೇಕು. ಟಿಕೆಟ್ ಪುಸ್ತಕಗಳನ್ನು ಧರ್ಮೋಪದೇಶ ತರಗತಿಯ ಮಕ್ಕಳ ಕೈಗೆ ಕೊಟ್ಟರೆ ಬೇಗ ಖಾಲಿಯಾಗುತ್ತವೆ ಎಂದು ಯಾರೋ ಹೇಳಿದರು. ಹೌದು, ಮಕ್ಕಳು ಬಂದು ಕೇಳಿದರೆ ಇಲ್ಲ ಎನ್ನುವುದು ಕಷ್ಟ. ಆ ಮಕ್ಕಳು ಕಲಿಯುವ ಪಾಠ ಯಾವುದು? ಕೊಡುವುದು ಎಂದರೆ ಏನಾದರೂ ಸಿಗಬಹುದು ಎಂದು ಕೊಡುವುದು, ಇದನ್ನೇ. ಯೇಸುಸ್ವಾಮಿ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು ಮೆಚ್ಚಿದ್ದು ಒಬ್ಬ ವಿಧವೆಯನ್ನು. ಆಕೆ ಹಾಕಿದ ಎರಡು ಕಾಸಿಗೆ ಆಕೆಯ ಕೈಗೆ ಯಾವ ಟಿಕೆಟ್ಟೂ ಬರಲಿಲ್ಲ.

ಈಗ ಮತ್ತೀಯರ ಚೀಟಿಗೆ ಬರೋಣ. ಶುಭಸಂದೇಶದಲ್ಲಿ ಚೀಟಿನ ಮಾತು ಬೇರೆ ಕಡೆಯೂ ಬರುತ್ತದೆ. ಶಿಲುಬೆಯ ಬುಡದಲ್ಲಿ ಸೈನಿಕರು ಸ್ವಾಮಿಯ ಬಟ್ಟೆಗಳನ್ನು ನಾಲ್ಕು ಪಾಲು ಮಾಡಿಕೊಂಡರು. ಹೊಲಿಗೆಯಿಲ್ಲದ ಒಳಂಗಿಗೆ ಮಾತ್ರ ಚೀಟು ಹಾಕಿದರು. ಮೇಲೆ ಒಬ್ಬರು ಪ್ರಾಣ ಬಿಡುತ್ತಿದ್ದಾರೆ, ಕೆಳಗೆ ‘ನನಗೇನು ಸಿಗುತ್ತದೆ’ ಎಂಬ ಆಟ ನಡೆದಿದೆ. ಜೆರುಸಲೇಮಿನ ಮೇಲಂತಸ್ತಿನ ಕೋಣೆಯಲ್ಲಿ ನಡೆದ ಚೀಟು ಹಾಗಿರಲಿಲ್ಲ. ಅಲ್ಲಿ ಯಾರೂ ಹಣ ಹಾಕಲಿಲ್ಲ, ಯಾರೂ ಹಣ ಕಳೆದುಕೊಳ್ಳಲಿಲ್ಲ. ಮತ್ತೀಯರಿಗೆ ಸಿಕ್ಕಿದ್ದು ಬಹುಮಾನವಲ್ಲ, ಹೊರೆ. ಸ್ವಾಮಿಯ ಪುನರುತ್ಥಾನಕ್ಕೆ ಸಾಕ್ಷಿಯಾಗುವ ಹೊರೆ. ಚೀಟು ಬೀಳದ ಜೋಸೆಫರೂ ಏನನ್ನೂ ಕಳೆದುಕೊಳ್ಳಲಿಲ್ಲ. ಪವಿತ್ರಾತ್ಮರು ಬಂದ ಮೇಲೆ ಪ್ರೇಷಿತರು ಮತ್ತೆ ಚೀಟು ಹಾಕಿದ ಸಂಗತಿ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಕಾಣುವುದಿಲ್ಲ. ಬಡವರ ಊಟೋಪಚಾರಕ್ಕೆ ಏಳು ಮಂದಿ ಬೇಕಾದಾಗ ಒಳ್ಳೆಯ ಹೆಸರಿರುವವರನ್ನು ನೋಡಿ ಆರಿಸಿಕೊಂಡರು.

ಆದಿ ಧರ್ಮಸಭೆ ಬಡವರಿಗಾಗಿ ಹಣ ಸಂಗ್ರಹಿಸಿದ ರೀತಿಯನ್ನೂ ನೋಡಿ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಂತ ಪೌಲರು ಊರೂರಿನ ಸಭೆಗಳಲ್ಲಿ ಸಹಾಯ ಬೇಡಿದರು. ಆ ದೊಡ್ಡ ಮೊತ್ತವನ್ನು ತಾವೊಬ್ಬರೇ ಹೊತ್ತುಕೊಂಡು ಹೋಗಲಿಲ್ಲ. ತೀತರನ್ನೂ, ಸಭೆಗಳೇ ನೇಮಿಸಿದ ಒಬ್ಬ ಸಹೋದರನನ್ನೂ ಜೊತೆಗಿಟ್ಟುಕೊಂಡರು. ತಮ್ಮ ನಡತೆ ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿರಬೇಕು, ಯಾರೂ ಬೆರಳು ತೋರಿಸುವಂತಾಗಬಾರದು ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅವರೇ ಹೇಳಿದ್ದಾರೆ. ಒಂದು ಉದ್ದೇಶಕ್ಕೆ ಬಂದ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು, ವಿಶ್ವಾಸಿಗಳು ಕೊಟ್ಟದ್ದಕ್ಕೆ ವಿಶ್ವಾಸಿಗಳಿಗೆ ಲೆಕ್ಕ ಕೊಡಬೇಕು ಎಂದು ನಮ್ಮ ಕಾನೂನು ಸಂಹಿತೆಯ 1267 ಮತ್ತು 1287ನೆಯ ವಿಧಿಗಳು ಹೇಳುವುದೂ ಇದನ್ನೇ.

ಹಾಗಾದರೆ ಡಯಾಲಿಸಿಸ್ಸಿಗೆ ಹೋಗುವ ನಮ್ಮ ಮೂವರನ್ನು ಕೈಬಿಡುವುದೇ? ಖಂಡಿತ ಇಲ್ಲ. ಪಾಲನಾ ಸಮಿತಿ ಮತ್ತು ಯುವಜನ ಸಂಘ ಕೂಡಿ ಈ ವರ್ಷ ಹೀಗೆ ನಿರ್ಧರಿಸಿವೆ.

ಮೊದಲನೆಯದಾಗಿ, ಪ್ರತಿ ಮನೆಗೂ ಒಂದು ಲಕೋಟೆ ಬರುತ್ತದೆ. ಶಕ್ತಿಯಿದ್ದಷ್ಟು ಹಾಕಿ, ಹಬ್ಬದ ಬಲಿಪೂಜೆಯಲ್ಲಿ ಅರ್ಪಿಸಿ. ಖಾಲಿ ಲಕೋಟೆ ತಂದವರ ಪ್ರಾರ್ಥನೆಯೂ ಅರ್ಪಣೆಯೇ, ಅದನ್ನು ಯಾರೂ ತೆರೆದು ಹೆಸರು ಬರೆದುಕೊಳ್ಳುವುದಿಲ್ಲ.

ಎರಡನೆಯದಾಗಿ, ನಮ್ಮ ಹಿರಿಯರ ಕಾಲದ ಹರಾಜನ್ನು ಮತ್ತೆ ನಡೆಸುತ್ತೇವೆ. ತೋಟದ ಹಲಸು, ತೆಂಗು, ಬಾಳೆಗೊನೆ, ಮನೆಯ ಕೋಳಿ, ಏನಿದ್ದರೂ ತನ್ನಿ. ಹರಾಜಿನಲ್ಲಿ ಅದೃಷ್ಟದ ಮಾತಿಲ್ಲ. ಕೂಗಿದವರಿಗೆ ವಸ್ತು ಸಿಗುತ್ತದೆ, ಪೂರ್ತಿ ಹಣ ನಿಧಿಗೆ ಹೋಗುತ್ತದೆ. ಎಲ್ಲರ ಎದುರಿನಲ್ಲೇ ವ್ಯವಹಾರ ಮುಗಿಯುತ್ತದೆ.

ಮೂರನೆಯದಾಗಿ, ಮಹಿಳಾ ಸಂಘದವರ ತಿಂಡಿ ಮಳಿಗೆ. ನಾಲ್ಕನೆಯದಾಗಿ, ಮಕ್ಕಳಿಗೆ ಬೈಬಲ್ ರಸಪ್ರಶ್ನೆ. ಇದಕ್ಕೆ ಪ್ರವೇಶ ಶುಲ್ಕವಿಲ್ಲ. ಬಹುಮಾನ ಬರುವುದು ಕಲಿತದ್ದಕ್ಕೆ, ಚೀಟು ಬಿದ್ದದ್ದಕ್ಕಲ್ಲ. ಹಣವಿಲ್ಲದಿದ್ದರೆ, ಅದೃಷ್ಟವಿಲ್ಲದಿದ್ದರೆ, ಅಲ್ಲಿಗೆ ಲಾಟರಿಯೂ ಇಲ್ಲ.

ಇನ್ನು ಯುವಕ ಯುವತಿಯರಿಗೆ ಒಂದು ವಿಶೇಷ ಕೆಲಸವಿದೆ. ಆ ಮೂವರು ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಹೋಗಿ ನಾಲ್ಕು ಗಂಟೆ ಕಾದು ಕರೆತರುವವರು ಬೇಕು. ಸ್ಕೂಟರ್ ಬಹುಮಾನ ಕೊಡಲು ಹೊರಟವರು ನೀವು, ಇರುವ ನಿಮ್ಮ ಸ್ಕೂಟರಿನಲ್ಲೇ ವಾರಕ್ಕೊಂದು ಸರದಿ ತೆಗೆದುಕೊಳ್ಳಲಾರಿರಾ? ಹೆಸರು ಬರೆಸುವ ಪುಸ್ತಕ ದೇವಾಲಯದ ಬಾಗಿಲಲ್ಲಿದೆ.

ಬಂದ ಹಣವನ್ನು ಪಾಲನಾ ಸಮಿತಿಯ ಮೂವರು ಒಟ್ಟಿಗೆ ಎಣಿಸುತ್ತಾರೆ. ಹಬ್ಬ ಮುಗಿದ ಎರಡನೆಯ ಭಾನುವಾರ ಆದಾಯ, ವೆಚ್ಚ, ಉಳಿಕೆಯನ್ನು ಬಲಿಪೂಜೆಯ ಕೊನೆಯಲ್ಲಿ ಓದಿ, ಸೂಚನಾ ಫಲಕದಲ್ಲಿ ಹಾಕಲಾಗುವುದು. ರೋಗಿಗಳ ಹೆಸರು ಮಾತ್ರ ಅದರಲ್ಲಿ ಇರುವುದಿಲ್ಲ. ನೆರವು ಪಡೆಯುವವರ ಮಾನವೂ ನಮ್ಮ ಕೈಯಲ್ಲಿದೆ.

ಪ್ರಿಯರೇ, ನಾವು ಆಚರಿಸಲಿರುವ ಸಂದರ್ಶನದ ಹಬ್ಬದ ಹಿನ್ನೆಲೆಯಲ್ಲೂ ಒಂದು ಚೀಟು ಇದೆ. ಎಲಿಜಬೇತಮ್ಮನವರ ಪತಿ ಜಕರೀಯರು ಯಾಜಕರು. ದೇವಾಲಯದೊಳಗೆ ಹೋಗಿ ಧೂಪ ಹಾಕುವ ಸರದಿ ಅವರಿಗೆ ಬಂದದ್ದು ಚೀಟಿನ ಮೂಲಕ ಎಂದು ಸಂತ ಲೂಕರು ಬರೆದಿದ್ದಾರೆ. ಅಲ್ಲಿಯೂ ಚೀಟು ತಂದದ್ದು ಸೇವೆಯ ಸರದಿಯನ್ನು. ಆದರೆ ಮಾತೆ ಮರಿಯಮ್ಮನವರು ಗುಡ್ಡಗಾಡಿನ ಆ ಊರಿಗೆ ಹೊರಟಾಗ ಯಾವ ಚೀಟಿಗೂ ಕಾಯಲಿಲ್ಲ. ವಯಸ್ಸಾದ ಬಂಧು ಗರ್ಭಿಣಿ ಎಂದು ತಿಳಿಯಿತು, ಅವಸರದಿಂದ ಹೊರಟರು, ಸುಮಾರು ಮೂರು ತಿಂಗಳು ಜೊತೆಗಿದ್ದರು. ನಮ್ಮ ನೆರೆಯವರ ಕಷ್ಟ ನಮಗೆ ತಿಳಿದಿದೆ. ಹೋಗುವುದಷ್ಟೇ ಉಳಿದಿದೆ.

ಸಂತ ಮತ್ತೀಯರ ಬೇಡಿಕೆಯ ಮೂಲಕ, ಕೊಡುವಾಗ ಪ್ರತಿಫಲ ನೋಡದ ಮನಸ್ಸನ್ನೂ, ಲೆಕ್ಕದಲ್ಲಿ ಪ್ರಾಮಾಣಿಕತೆಯನ್ನೂ, ನಾಡಿನ ಕಾನೂನಿಗೆ ಗೌರವವನ್ನೂ ಪ್ರಭು ನಮ್ಮ ಧರ್ಮಕೇಂದ್ರಕ್ಕೆ ದಯಪಾಲಿಸಲಿ. ಕಾಯಿಲೆಯಲ್ಲಿರುವ ನಮ್ಮ ಸಹೋದರರನ್ನು ಇಂದಿನ ಬಲಿಪೂಜೆಯಲ್ಲಿ ವಿಶೇಷವಾಗಿ ಸ್ಮರಿಸೋಣ.

ಪಿತನ ಮತ್ತು ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ. ಆಮೆನ್.